ಎಲೆ ಇದ್ದಲ್ಲೇ ಇತ್ತು, ಹಾಗಾದರೆ ದಡಕ್ಕೆ ಬಂದಿದ್ದು ಏನು?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಕೆರೆಗೆ ಕಲ್ಲು ಎಸೆದಾಗ ಅಲೆ ದಡದವರೆಗೆ ಬಂತು. ನೀರಿನ ಮೇಲಿದ್ದ ಒಣ ಎಲೆ ಮಾತ್ರ ಇದ್ದಲ್ಲೇ ಕುಣಿಯುತ್ತಿತ್ತು. "ಹಾಗಾದ್ರೆ ದಡಕ್ಕೆ ಬಂದಿದ್ದು ಏನು?" ಅಂತ ಕೇಳಿದಳು. ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಅವಳ ಇನ್ನೆರಡು ಪ್ರಶ್ನೆಗಳೂ ಇವೆ. ಜೋರಾಗಿ ಕೂಗಿದರೆ ದನಿ ಬೇಗ ಮುಟ್ಟುತ್ತದಾ? ಸೂರ್ಯನಿಗೂ ನಮಗೂ ನಡುವೆ ಏನೂ ಇಲ್ಲ ಅನ್ನುತ್ತಾರೆ, ಹಾಗಾದರೆ ಬೆಳಕಿನ ಅಲೆ ಯಾವುದರ ಮೇಲೆ ಬರುತ್ತದೆ?

ಉತ್ತರ: ನಿಮ್ಮ ಮಗಳು ನೋಡಿದ್ದೂ ಸರಿ, ಕೇಳಿದ್ದೂ ಸರಿ. ಅಲೆಗಳ ಬಗ್ಗೆ ತಿಳಿಯಬೇಕಾದ್ದರಲ್ಲಿ ಅರ್ಧ ಆ ಒಣ ಎಲೆಯಲ್ಲೇ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಲ್ಲು ಬಿದ್ದ ಕಡೆ ನೀರು ತಗ್ಗುತ್ತದೆ, ಅದರ ಸುತ್ತಲಿನ ನೀರು ಉಬ್ಬುತ್ತದೆ. ಉಬ್ಬಿದ ನೀರು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಇಳಿಯುವಾಗ ಪಕ್ಕದ ನೀರನ್ನು ತಳ್ಳುತ್ತದೆ. ಅದು ಮೇಲೆದ್ದು ಮತ್ತೆ ಇಳಿಯುತ್ತದೆ, ಇಳಿಯುವಾಗ ಅದರಾಚೆಯ ನೀರನ್ನು ತಳ್ಳುತ್ತದೆ. ಈ ತಳ್ಳಾಟ ಒಬ್ಬರಿಂದ ಒಬ್ಬರಿಗೆ ದಾಟಿದ ಹಾಗೆ ದಾಟುತ್ತಾ ದಡ ಮುಟ್ಟುತ್ತದೆ. ನೀರು ಮಾತ್ರ ತನ್ನ ಜಾಗದ ಆಸುಪಾಸಿನಲ್ಲೇ ಉಳಿಯುತ್ತದೆ. ದಡಕ್ಕೆ ಬಂದಿದ್ದು ಶಕ್ತಿ. ಕಲ್ಲು ನೀರಿಗೆ ಕೊಟ್ಟ ಏಟಿನಲ್ಲಿ ಒಂದು ಸಣ್ಣ ಪಾಲು ಅಷ್ಟು ದೂರ ಬಂದು, ದಡದ ಮಣ್ಣಿಗೆ ತಟ್ಟಿ ಮುಗಿಯಿತು.

ಮುಂದಿನ ಸಲ ಎಲೆಯನ್ನು ಇನ್ನಷ್ಟು ಹತ್ತಿರದಿಂದ ನೋಡಲು ಹೇಳಿ. ಅದು ಬರೀ ಮೇಲೆ ಕೆಳಗೆ ಆಡುವುದಿಲ್ಲ. ಉಬ್ಬು ಬಂದಾಗ ಒಂಚೂರು ಮುಂದಕ್ಕೆ, ತಗ್ಗು ಬಂದಾಗ ಒಂಚೂರು ಹಿಂದಕ್ಕೆ ಸರಿಯುತ್ತದೆ. ಒಟ್ಟಿನಲ್ಲಿ ಒಂದು ಪುಟ್ಟ ಸುತ್ತು ಹಾಕಿ ಹೆಚ್ಚುಕಡಿಮೆ ಹೊರಟಲ್ಲಿಗೇ ವಾಪಸ್ ಬರುತ್ತದೆ. ಎಲೆಯ ಕೆಳಗಿನ ನೀರೂ ಹೀಗೇ ಸುತ್ತುತ್ತಿರುತ್ತದೆ. ಆಳಕ್ಕೆ ಹೋದಂತೆ ಆ ಸುತ್ತು ಚಿಕ್ಕದಾಗುತ್ತಾ ಹೋಗುತ್ತದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಎಷ್ಟು ದೂರವೋ ಅದರ ಅರ್ಧದಷ್ಟು ಆಳಕ್ಕೆ ಇಳಿದರೆ ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಸಮುದ್ರದ ಮೇಲೆ ಬಿರುಗಾಳಿ ಎದ್ದಾಗಲೂ ಆಳದಲ್ಲಿರುವ ಜಲಾಂತರ್ಗಾಮಿ ಅಷ್ಟಾಗಿ ಅಲ್ಲಾಡುವುದಿಲ್ಲ.

ಮನೆಯಲ್ಲೇ ನೋಡಬೇಕೆಂದರೆ ನಾಲ್ಕೈದು ಮೀಟರ್ ಹಗ್ಗ ಸಾಕು. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಮಧ್ಯದಲ್ಲಿ ಎಲ್ಲೋ ಒಂದು ಕಡೆ ಕೆಂಪು ದಾರ ಗಂಟು ಹಾಕಿ. ಇನ್ನೊಂದು ತುದಿ ಹಿಡಿದು, ಹಗ್ಗವನ್ನು ಸ್ವಲ್ಪ ಬಿಗಿಯಾಗಿಟ್ಟು, ಕೈಯನ್ನು ಒಮ್ಮೆ ಮೇಲಕ್ಕೆ ಝಾಡಿಸಿ. ಒಂದು ಗೂನು ಓಡುತ್ತಾ ಕಿಟಕಿ ಕಡೆಗೆ ಹೋಗುತ್ತದೆ. ಕೆಂಪು ದಾರ ಮೇಲೆದ್ದು ಇಳಿದು ಸುಮ್ಮನಾಗುತ್ತದೆ, ಕಿಟಕಿ ಕಡೆಗೆ ಒಂದು ಇಂಚೂ ಹೋಗುವುದಿಲ್ಲ. ಆಮೇಲೆ ಬಹಳ ಜನ ಗಮನಿಸದ ಒಂದು ಸಂಗತಿ ನಡೆಯುತ್ತದೆ. ಕಿಟಕಿ ಮುಟ್ಟಿದ ಗೂನು ವಾಪಸ್ ಬರುತ್ತದೆ, ಆದರೆ ತಲೆಕೆಳಗಾಗಿ. ಹೋದದ್ದು ಉಬ್ಬು, ಬಂದದ್ದು ತಗ್ಗು. ಯಾಕೆಂದರೆ ಹಗ್ಗ ಸರಳನ್ನು ಮೇಲಕ್ಕೆ ಎಳೆಯುತ್ತದೆ, ಸರಳು ಜಗ್ಗದೆ ಹಗ್ಗವನ್ನು ಕೆಳಕ್ಕೆ ಎಳೆಯುತ್ತದೆ. ಆ ಕೆಳಗಿನ ಎಳೆತವೇ ಹೊಸ ಅಲೆಯಾಗಿ ಹಿಂದಕ್ಕೆ ಹೊರಡುತ್ತದೆ. ತುದಿ ಗಟ್ಟಿಯಾಗಿರದೆ, ಒಂದು ಕಂಬಿಗೆ ಸಡಿಲ ಬಳೆ ಹಾಕಿದಂತೆ ಮೇಲೆ ಕೆಳಗೆ ಜಾರುವಂತಿದ್ದರೆ, ಗೂನು ಉಬ್ಬಾಗಿಯೇ ವಾಪಸಾಗುತ್ತದೆ.

ಹಗ್ಗದಲ್ಲಿ ಅಲೆ ಹೋಗುವುದು ಒಂದು ಕಡೆಗೆ, ಹಗ್ಗ ಆಡುವುದು ಅದಕ್ಕೆ ಅಡ್ಡಲಾಗಿ. ಇದನ್ನು ಅಡ್ಡ ತರಂಗ ಅನ್ನುತ್ತೇವೆ. ಶಬ್ದ ಹಾಗಲ್ಲ. ಅದರಲ್ಲಿ ಗಾಳಿ ಒತ್ತಿಕೊಳ್ಳುತ್ತದೆ, ಸಡಿಲವಾಗುತ್ತದೆ. ಗಾಳಿಯ ಕಣಗಳು ಅಲೆ ಹೋಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಆಡುತ್ತವೆ. ಅದು ನೀಳ ತರಂಗ. ಇಲ್ಲೂ ಎಲೆಯ ಕಥೆಯೇ. ನಾನು ಮಾತಾಡಿದರೆ ನನ್ನ ಬಾಯಿಯ ಗಾಳಿ ನಿಮ್ಮ ಕಿವಿಗೆ ಬರುವುದಿಲ್ಲ. ಮಾಮೂಲಿ ಮಾತುಕತೆಯಲ್ಲಿ ನಿಮ್ಮ ಕಿವಿಯ ಬಳಿಯ ಗಾಳಿ ಹಿಂದೆ ಮುಂದೆ ಆಡುವುದು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಸಣ್ಣ ಅಲುಗಾಟವನ್ನು ಹಿಡಿದು ಅದು ಯಾರ ದನಿ ಅಂತ ಕಿವಿ ಗುರುತಿಸುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯ ಆಗುತ್ತದೆ.

ಇನ್ನು ಎರಡನೇ ಪ್ರಶ್ನೆ. ಜೋರಾಗಿ ಕೂಗಿದರೆ ಬೇಗ ಮುಟ್ಟುತ್ತದಾ? ಇಲ್ಲ. ಕೀರಲು ದನಿಯಲ್ಲಿ ಕೂಗಿದರೆ? ಆಗಲೂ ಇಲ್ಲ. ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ಮಕ್ಕಳು ಅತಿ ಹೆಚ್ಚು ಎಡವುವುದನ್ನು ನಾನು ನೋಡಿದ್ದು ಇಲ್ಲಿಯೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಅಲೆಗೆ ಕೆಲವು ಅಳತೆಗಳಿವೆ. ಉಬ್ಬು ಎಷ್ಟು ಎತ್ತರ ಅನ್ನುವುದು ಪಾರ. ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಅನ್ನುವುದು ಆವೃತ್ತಿ, ಅದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತೇವೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರ ತರಂಗಾಂತರ. ಆಮೇಲೆ ವೇಗ. ಪುಸ್ತಕದಲ್ಲಿ ಒಂದು ಸೂತ್ರ ಇರುತ್ತದೆ: ವೇಗ ಅಂದರೆ ಆವೃತ್ತಿ ಗುಣಿಸು ತರಂಗಾಂತರ. ಇದನ್ನು ನೋಡಿದ ಕೂಡಲೇ ಆವೃತ್ತಿ ಜಾಸ್ತಿ ಮಾಡಿದರೆ ವೇಗ ಜಾಸ್ತಿ ಆಗುತ್ತದೆ ಅಂತ ಅನಿಸುತ್ತದೆ. ಸೂತ್ರ ಸರಿಯಾಗಿದೆ, ಓದಿದ ರೀತಿ ತಪ್ಪು. ಯಾವ ಅಳತೆಯನ್ನು ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದನ್ನು ಸೂತ್ರ ಹೇಳುವುದಿಲ್ಲ, ಅದನ್ನು ನಾವು ತಿಳಿದುಕೊಂಡಿರಬೇಕು.

ಆವೃತ್ತಿಯನ್ನು ತೀರ್ಮಾನ ಮಾಡುವುದು ಅಲೆ ಎಬ್ಬಿಸುವವರು. ವೇಗವನ್ನು ತೀರ್ಮಾನ ಮಾಡುವುದು ಮಾಧ್ಯಮ, ಅಂದರೆ ಅಲೆ ಸಾಗುವ ಹಗ್ಗ, ಗಾಳಿ, ನೀರು. ಇವೆರಡೂ ಗೊತ್ತಾದ ಮೇಲೆ ತರಂಗಾಂತರಕ್ಕೆ ಬೇರೆ ದಾರಿ ಇಲ್ಲ, ಲೆಕ್ಕಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 440 ಹರ್ಟ್ಜ್ ಸ್ವರ ಹಾಡಿದರೆ ತರಂಗಾಂತರ 78 ಸೆಂಟಿಮೀಟರ್. ಅದರ ಮೇಲಿನ ಸ್ಥಾಯಿಯ ಅದೇ ಸ್ವರ, ಅಂದರೆ 880 ಹರ್ಟ್ಜ್ ಹಾಡಿದರೆ 39 ಸೆಂಟಿಮೀಟರ್. ಉಬ್ಬುಗಳು ಹತ್ತಿರ ಹತ್ತಿರ ಬಂದವು, ಓಟ ಅಷ್ಟೇ ಉಳಿಯಿತು. ಇದಕ್ಕೆ ಸಾಕ್ಷಿ ಬೇಕೆಂದರೆ ದೂರದ ಮೈದಾನದ ಸಂಗೀತ ಕೇಳಿ. ಏರು ಸ್ವರಗಳು ಮೊದಲು, ಇಳಿ ಸ್ವರಗಳು ಆಮೇಲೆ ಬರುವಂತಿದ್ದರೆ ದೂರ ಹೋದಷ್ಟೂ ಹಾಡು ಕಲಸಿಹೋಗಬೇಕಿತ್ತು. ಹಾಗೆ ಆಗುವುದಿಲ್ಲ, ಅಲ್ವಾ? ದನಿ ಸಣ್ಣಗಾಗುತ್ತದೆ, ತಾಳ ತಪ್ಪುವುದಿಲ್ಲ.

ಅದೇ ಹಗ್ಗದಲ್ಲಿ ಇದನ್ನೂ ನೋಡಬಹುದು. ಕೈಯನ್ನು ಬೇಗ ಬೇಗ ಆಡಿಸಿ: ಗೂನುಗಳು ಒತ್ತೊತ್ತಾಗುತ್ತವೆ, ವೇಗ ಮಾತ್ರ ಬದಲಾಗುವುದಿಲ್ಲ. ಈಗ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿಯಿರಿ: ಗೂನು ಚಂಗನೆ ಓಡುತ್ತದೆ. ದಪ್ಪ ಹಗ್ಗ ತೆಗೆದುಕೊಳ್ಳಿ: ನಿಧಾನವಾಗುತ್ತದೆ. ಬಿಗಿತ ನಾಲ್ಕು ಪಟ್ಟು ಆದರೆ ವೇಗ ಎರಡು ಪಟ್ಟು. ವೀಣೆಯ ಬಿರಡೆ ತಿರುಗಿಸುವವರು ಮಾಡುವುದೂ ಇದನ್ನೇ. ತಂತಿಯ ಉದ್ದ ಹಾಗೇ ಇರುತ್ತದೆ, ಬಿಗಿದಾಗ ಅದರಲ್ಲಿ ಅಲೆ ಓಡುವ ವೇಗ ಹೆಚ್ಚುತ್ತದೆ. ಎರಡು ತುದಿಗಳ ನಡುವೆ ಅಲೆ ಬೇಗ ಬೇಗ ಹೋಗಿ ಬರುತ್ತದೆ, ಶ್ರುತಿ ಏರುತ್ತದೆ.

ಮಾಧ್ಯಮ ಬದಲಾದರೆ ಏನಾಗುತ್ತದೆ ನೋಡಿ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್, ಉಕ್ಕಿನಲ್ಲಿ 5,000 ಮೀಟರಿಗೂ ಜಾಸ್ತಿ. ಗಾಳಿಯ 440 ಹರ್ಟ್ಜ್ ಸ್ವರ ನೀರಿಗೆ ದಾಟಿದರೆ ಅದರ ತರಂಗಾಂತರ 78 ಸೆಂಟಿಮೀಟರಿನಿಂದ ಮೂರು ಮೀಟರ್ ದಾಟುತ್ತದೆ. ಆವೃತ್ತಿ 440ರಲ್ಲೇ ಉಳಿಯುತ್ತದೆ. ಯಾಕೆ? ಗಾಳಿ ನೀರಿನ ಮೇಲ್ಮೈಯನ್ನು ಸೆಕೆಂಡಿಗೆ 440 ಸಲ ಒತ್ತುತ್ತದೆ. ಆ ಮೇಲ್ಮೈ ಕೆಳಗಿನ ನೀರನ್ನು 440 ಸಲವೇ ಒತ್ತಬೇಕು, ಬೇರೆ ಲೆಕ್ಕ ಅದಕ್ಕೆ ಎಲ್ಲಿಂದ ಬರಬೇಕು? ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಬದಲಾಗದೆ ಉಳಿಯುವ ಅಳತೆ ಇದೊಂದೇ.

ಅಲೆ ಎಬ್ಬಿಸುವವರೇ ಓಡುತ್ತಿದ್ದರೂ ವೇಗವನ್ನು ಮಾಧ್ಯಮವೇ ತೀರ್ಮಾನ ಮಾಡುತ್ತದೆ ಅನ್ನುವ ನಿಯಮ ತಪ್ಪುವುದಿಲ್ಲ. ಗಂಟೆಗೆ 72 ಕಿಲೋಮೀಟರ್ ವೇಗದ ರೈಲು 440 ಹರ್ಟ್ಜ್‌ನಲ್ಲಿ ಸಿಳ್ಳೆ ಹಾಕುತ್ತಾ ಬರುತ್ತಿದೆ ಅಂದುಕೊಳ್ಳಿ. ಸಿಳ್ಳೆಯ ಶಬ್ದ ರೈಲಿನ ವೇಗವನ್ನು ಸೇರಿಸಿಕೊಂಡು ಬೇಗ ಬರುವುದಿಲ್ಲ. ಒಮ್ಮೆ ಗಾಳಿಗೆ ಬಿದ್ದ ಮೇಲೆ ಅದು ಗಾಳಿಯ ಮಾತನ್ನೇ ಕೇಳಬೇಕು. ಆದರೆ ಒಂದು ಉಬ್ಬು ಹೊರಟ ಮೇಲೆ ಮುಂದಿನದು ಹೊರಡುವಷ್ಟರಲ್ಲಿ ರೈಲು ಸ್ವಲ್ಪ ಮುಂದೆ ಬಂದಿರುತ್ತದೆ. ಹಾಗಾಗಿ ಉಬ್ಬುಗಳು ಒತ್ತೊತ್ತಾಗಿ ಬಂದು ನಮ್ಮ ಕಿವಿಗೆ ಸುಮಾರು 467 ಹರ್ಟ್ಜ್ ಕೇಳಿಸುತ್ತದೆ. ರೈಲು ದಾಟಿ ಹೋದ ಮೇಲೆ ಸುಮಾರು 416. ಒಂದು ಸ್ವರಸ್ಥಾನ ಮೇಲೆ, ಒಂದು ಸ್ವರಸ್ಥಾನ ಕೆಳಗೆ. ಇದನ್ನು ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಹೇಳಿದ್ದರು. 1845ರಲ್ಲಿ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ಬಳಿ ಬೈಸ್ ಬಲ್ಲಾಟ್ ಅನ್ನುವ ವಿಜ್ಞಾನಿ ತುತ್ತೂರಿ ಊದುವವರನ್ನು ರೈಲಿನಲ್ಲಿ ಕೂರಿಸಿ, ಸ್ವರಜ್ಞಾನ ಇರುವ ಸಂಗೀತಗಾರರನ್ನು ಹಳಿಯ ಪಕ್ಕ ನಿಲ್ಲಿಸಿ, ಅದು ನಿಜ ಅಂತ ತೋರಿಸಿದರು. ಆಗ ಆವೃತ್ತಿ ಅಳೆಯುವ ಯಂತ್ರ ಕೈಗೆ ಸಿಗುತ್ತಿರಲಿಲ್ಲ, ಪಳಗಿದ ಕಿವಿಯೇ ಯಂತ್ರ.

ಹಾಗಾದರೆ ಜೋರಾಗಿ ಕೂಗಿದಾಗ ಜಾಸ್ತಿ ಆಗುವುದು ಏನು? ಪಾರ. ಅಲೆ ಹೊರುವ ಶಕ್ತಿ ಪಾರದ ವರ್ಗದಷ್ಟು ಏರುತ್ತದೆ. ಪಾರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಅದಕ್ಕೇ ಜೋರು ಕೂಗು ಹೆಚ್ಚು ದೂರಕ್ಕೆ ಕೇಳುತ್ತದೆ. ಬೇಗ ಮುಟ್ಟುವುದಿಲ್ಲ. ಒಂದು ಮಾತು ಸೇರಿಸಬೇಕು: ಸ್ಫೋಟದಂಥ ಭಾರೀ ಸದ್ದಿನ ಹತ್ತಿರ ಈ ನಿಯಮ ಮುರಿಯುತ್ತದೆ. ಅಲ್ಲಿ ಗಾಳಿ ಎಷ್ಟು ಜೋರಾಗಿ ಒತ್ತಿಕೊಳ್ಳುತ್ತದೆಂದರೆ ಗಾಳಿಯ ಸ್ವಭಾವವೇ ಬದಲಾಗಿ, ಆಘಾತ ತರಂಗ ಶಬ್ದಕ್ಕಿಂತ ವೇಗವಾಗಿ ನುಗ್ಗುತ್ತದೆ. ಮನುಷ್ಯರ ಗಂಟಲಿಗೆ ಅದು ಸಾಧ್ಯವಿಲ್ಲ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ನಿಮ್ಮ ಮಗಳು ಅಲೆ ನೋಡಿದ್ದು ಕೆರೆಯಲ್ಲಿ, ಮತ್ತು ನೀರಿನ ಮೇಲಿನ ಅಲೆ ಶಬ್ದದಷ್ಟು ಸರಳ ಅಲ್ಲ. ಆಳ ನೀರಿನಲ್ಲಿ ಉದ್ದ ಅಲೆಗಳು ವೇಗವಾಗಿ ಹೋಗುತ್ತವೆ, ಗಿಡ್ಡ ಅಲೆಗಳು ಹಿಂದುಳಿಯುತ್ತವೆ. 100 ಮೀಟರ್ ತರಂಗಾಂತರದ ಸಮುದ್ರದ ಅಲೆ ಸೆಕೆಂಡಿಗೆ ಸುಮಾರು 12.5 ಮೀಟರ್ ಸಾಗುತ್ತದೆ. ದೂರದ ಸಮುದ್ರದಲ್ಲಿ ಬಿರುಗಾಳಿ ಎದ್ದರೆ ದಡಕ್ಕೆ ಮೊದಲು ಬರುವುದು ಉದ್ದನೆಯ, ಸಾವಕಾಶದ ಅಲೆಗಳು. ಗಿಡ್ಡವು ಆಮೇಲೆ. ತೀರಾ ಪುಟ್ಟ ಅಲೆಗಳಲ್ಲಿ ಇದು ತಿರುಗಾ ಮುರುಗಾ. ತರಂಗಾಂತರ 1.7 ಸೆಂಟಿಮೀಟರಿಗಿಂತ ಕಡಿಮೆಯಾದರೆ ಅವುಗಳನ್ನು ಓಡಿಸುವುದು ಭಾರಕ್ಕಿಂತ ಹೆಚ್ಚಾಗಿ ನೀರಿನ ಮೇಲ್ಮೈ ಎಳೆತ. ಅಲ್ಲಿ ಗಿಡ್ಡವೇ ವೇಗ. ಈ ಎರಡರ ನಡುವೆ, ಸೆಕೆಂಡಿಗೆ 23 ಸೆಂಟಿಮೀಟರ್ ಆಸುಪಾಸು, ಆಳ ನೀರಿನ ಅಲೆಗೆ ಸಾಧ್ಯವಿರುವ ಅತಿ ಕಡಿಮೆ ವೇಗ.

ಇದರಿಂದ ಕೆರೆಯಲ್ಲಿ ಒಂದು ಸೊಗಸಾದ ನೋಟ ಸಿಗುತ್ತದೆ. ಸ್ವಲ್ಪ ದೊಡ್ಡ ಕಲ್ಲನ್ನೇ ಎಸೆಯಿರಿ. ಉಂಗುರಗಳ ಒಂದು ಗುಂಪು ಹೊರಕ್ಕೆ ಹೊರಡುತ್ತದೆ. ಈಗ ಗುಂಪನ್ನು ಬಿಟ್ಟು ಒಂದೇ ಒಂದು ಉಬ್ಬಿನ ಮೇಲೆ ಕಣ್ಣಿಡಿ. ಅದು ಗುಂಪಿನ ಹಿಂಬದಿಯಲ್ಲಿ ಹುಟ್ಟುತ್ತದೆ, ಗುಂಪಿನೊಳಗೇ ಮುಂದೆ ಮುಂದೆ ಬರುತ್ತದೆ, ಮುಂದಿನ ಅಂಚಿಗೆ ಬಂದು ಮಾಯವಾಗುತ್ತದೆ. ಹಿಂದೆ ಇನ್ನೊಂದು ಹುಟ್ಟಿರುತ್ತದೆ. ಆಳ ನೀರಿನ ಇಂಥ ಅಲೆಗಳಲ್ಲಿ ಗುಂಪು ಸಾಗುವ ವೇಗ ಉಬ್ಬಿನ ವೇಗದ ಅರ್ಧ ಮಾತ್ರ, ಮತ್ತು ಶಕ್ತಿ ಹೋಗುವುದು ಗುಂಪಿನ ಜೊತೆ. ಹಾಗಾಗಿ "ದಡಕ್ಕೆ ಬಂದಿದ್ದು ಏನು" ಅನ್ನುವ ಪ್ರಶ್ನೆಗೆ ಉತ್ತರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಲ್ಲು ಬಿದ್ದ ಕಡೆ ಎದ್ದ ಮೊದಲ ಉಬ್ಬೂ ದಡಕ್ಕೆ ಬಂದಿಲ್ಲ! ಅದು ದಾರಿಯಲ್ಲೇ ಮುಗಿದು, ಅದರ ಜಾಗಕ್ಕೆ ಬೇರೆ ಉಬ್ಬುಗಳು ಬಂದಿವೆ. ನಾನು ಇದನ್ನು ಮೊದಲ ಸಲ ಕಣ್ಣಾರೆ ಹಿಡಿದಾಗ ಹತ್ತಿಪ್ಪತ್ತು ಕಲ್ಲು ಎಸೆದ ಮೇಲೂ ಅಲ್ಲಿಂದ ಏಳಲು ಮನಸ್ಸು ಬರಲಿಲ್ಲ.

ಆಳಕ್ಕೆ ಹೋಲಿಸಿದರೆ ಅಲೆ ತುಂಬಾ ಉದ್ದವಾಗಿದ್ದಾಗ ವೇಗವನ್ನು ಆಳವೇ ತೀರ್ಮಾನ ಮಾಡುತ್ತದೆ. ಸುನಾಮಿ ಅಂಥದ್ದು. ಅದರ ತರಂಗಾಂತರ ನೂರು ಕಿಲೋಮೀಟರಿಗೂ ಜಾಸ್ತಿ ಇರಬಹುದು. 4,000 ಮೀಟರ್ ಆಳದ ಸಾಗರದಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರ್ ಓಡುತ್ತದೆ, ವಿಮಾನದ ಹತ್ತಿರ ಹತ್ತಿರ. 10 ಮೀಟರ್ ಆಳಕ್ಕೆ ಬಂದಾಗ ಗಂಟೆಗೆ 36 ಕಿಲೋಮೀಟರಿಗೆ ಇಳಿಯುತ್ತದೆ. ಮುಂದಿನದು ನಿಧಾನವಾದಾಗ ಹಿಂದಿನದು ಬಂದು ಒತ್ತುತ್ತದೆ, ಅದೇ ಶಕ್ತಿ ಕಡಿಮೆ ಜಾಗಕ್ಕೆ ಸೇರುತ್ತದೆ, ಎತ್ತರ ಏರುತ್ತದೆ. 2004ರ ಸುನಾಮಿ ಹಿಂದೂ ಮಹಾಸಾಗರದ ನಡುವೆ ಸಾಗುತ್ತಿದ್ದಾಗ ಜೇಸನ್-1 ಉಪಗ್ರಹ ಅಳೆದ ಎತ್ತರ ಸುಮಾರು 60 ಸೆಂಟಿಮೀಟರ್ ಮಾತ್ರ. ಆ ಜಾಗದಲ್ಲಿ ಹಡಗು ಇದ್ದಿದ್ದರೆ ಅದರಲ್ಲಿದ್ದವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಎರಡು ಅಲೆಗಳು ಎದುರುಬದುರಾದರೆ? ಎರಡು ಕಲ್ಲುಗಳನ್ನು ಸ್ವಲ್ಪ ದೂರ ದೂರ ಎಸೆದು ನೋಡಿ. ಉಂಗುರಗಳು ಡಿಕ್ಕಿ ಹೊಡೆದು ಚದುರುವುದಿಲ್ಲ. ಒಂದರೊಳಗೆ ಒಂದು ಹಾಯ್ದು, ಏನೂ ಆಗದವರಂತೆ ತಮ್ಮ ದಾರಿ ಹಿಡಿಯುತ್ತವೆ. ಸೇರಿದ ಕ್ಷಣದಲ್ಲಿ ಮಾತ್ರ ಕೂಡಿಕೊಳ್ಳುತ್ತವೆ. ಉಬ್ಬಿನ ಮೇಲೆ ಉಬ್ಬು ಬಿದ್ದರೆ ಎತ್ತರ, ಉಬ್ಬಿನ ಮೇಲೆ ತಗ್ಗು ಬಿದ್ದರೆ ಸಮ. ಇದೇ ವ್ಯತಿಕರಣ. ಸುತ್ತಲ ಗದ್ದಲವನ್ನು ಅಡಗಿಸುವ ಹೆಡ್‌ಫೋನ್ ಕೆಲಸ ಮಾಡುವುದು ಹೀಗೆ: ಹೊರಗಿನ ಸದ್ದಿನ ಉಬ್ಬಿಗೆ ಸರಿಯಾಗಿ ತಗ್ಗನ್ನು ತಾನು ಹುಟ್ಟಿಸುತ್ತದೆ. ಇಬ್ಬರೂ ಅಳಿಸಿಕೊಂಡರೆ ಶಕ್ತಿ ಎಲ್ಲಿ ಹೋಯಿತು ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಕೆರೆಯಲ್ಲಿ ಅದು ಉಬ್ಬು ಉಬ್ಬಿಗೆ ಕೂಡಿದ ಕಡೆಗಳಲ್ಲಿ ಜಾಸ್ತಿಯಾಗಿ ಸೇರಿರುತ್ತದೆ. ಅಲ್ಲಿ ಎತ್ತರ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ಒಟ್ಟು ಲೆಕ್ಕ ಸರಿಹೋಗುತ್ತದೆ. ಬೆಳಕೂ ಅಲೆ ಅನ್ನುವುದಕ್ಕೆ ಥಾಮಸ್ ಯಂಗ್ 1801ರ ಹೊತ್ತಿಗೆ ಮುಂದಿಟ್ಟ ಸಾಕ್ಷಿಯೂ ಇದೇ: ಬೆಳಕಿಗೆ ಬೆಳಕು ಸೇರಿ ಕತ್ತಲೆಯ ಪಟ್ಟಿಗಳು ಮೂಡುತ್ತವೆ. ಬೆಳಕು ಬರೀ ಕಣಗಳ ಮಳೆಯಾಗಿದ್ದರೆ ಅದನ್ನು ವಿವರಿಸುವುದು ಕಷ್ಟ.

ಬೆಳಕು ಅಲೆಯಾದರೆ ಗೋಡೆಯ ಮರೆಯಲ್ಲಿರುವವರ ಮಾತು ಕೇಳುತ್ತದೆ, ಮುಖ ಯಾಕೆ ಕಾಣುವುದಿಲ್ಲ? ಅಲೆ ಅಂಚಿನಲ್ಲಿ ಬಾಗುತ್ತದೆ, ಅದೇ ವಿವರ್ತನೆ. ಎಷ್ಟು ಬಾಗುತ್ತದೆ ಅನ್ನುವುದು ತರಂಗಾಂತರಕ್ಕೆ ಹೋಲಿಸಿದರೆ ಕಂಡಿ ಎಷ್ಟು ದೊಡ್ಡದು ಅನ್ನುವುದರ ಮೇಲೆ ನಿಂತಿದೆ. ಮಾತಿನ ಅಲೆ ಒಂದು ಮೀಟರ್ ಆಸುಪಾಸು, ಬಾಗಿಲೂ ಅಷ್ಟೇ ಅಗಲ. ಹಾಗಾಗಿ ಚೆನ್ನಾಗಿ ಬಾಗುತ್ತದೆ. ಬೆಳಕಿನ ತರಂಗಾಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಅದಕ್ಕೆ ಬಾಗಿಲು ವಿಶಾಲ ಮೈದಾನ ಇದ್ದ ಹಾಗೆ, ನೇರ ಹೋಗುತ್ತದೆ. ಮೈಕ್ರೋವೇವ್ ಒಲೆಯ ಬಾಗಿಲಿನ ಜಾಲರಿಯನ್ನೂ ಇದೇ ಕಣ್ಣಿನಿಂದ ನೋಡಿ. ಒಳಗಿನ ಅಲೆಯ ತರಂಗಾಂತರ 12 ಸೆಂಟಿಮೀಟರ್, ಜಾಲರಿಯ ತೂತು ಒಂದೆರಡು ಮಿಲಿಮೀಟರ್. ಆ ಅಲೆಗೆ ಲೋಹದ ಜಾಲರಿ ಗೋಡೆಯೇ ಸರಿ. ಬೆಳಕಿಗೆ ಅದೇ ತೂತು ದೊಡ್ಡ ಕಿಟಕಿ, ಒಳಗಿನ ಪಾತ್ರೆ ನಮಗೆ ಕಾಣುತ್ತದೆ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಗಾಜಿನ ಪಾತ್ರೆಯೊಳಗೆ ಟಿಕ್ ಟಿಕ್ ಅನ್ನುವ ಗಡಿಯಾರವನ್ನು ದಾರದಲ್ಲಿ ತೂಗಿಬಿಟ್ಟು ಗಾಳಿಯನ್ನು ಪಂಪಿನಿಂದ ಹೊರಗೆಳೆದರು. ಸದ್ದು ಸಣ್ಣಗಾಗುತ್ತಾ ಬಂದು ಕೇಳದಂತಾಯಿತು. ಆದರೆ ಗಡಿಯಾರ ಕಾಣುತ್ತಲೇ ಇತ್ತು. ನಿಮ್ಮ ಮಗಳ ಪ್ರಶ್ನೆ ಪೂರ್ತಿ ಆ ಪಾತ್ರೆಯಲ್ಲಿದೆ. ಶಬ್ದಕ್ಕೆ ಗಾಳಿ ಬೇಕು, ಬೆಳಕಿಗೆ ಬೇಡ. ವಿಜ್ಞಾನಿಗಳಿಗೂ ಇದು ಬಹಳ ಕಾಲ ನುಂಗಲಾರದ ತುತ್ತಾಗಿತ್ತು. ಬೆಳಕನ್ನು ಹೊರಲು ಈಥರ್ ಅನ್ನುವ ಕಾಣದ ವಸ್ತು ಎಲ್ಲೆಡೆ ತುಂಬಿದೆ ಅಂತ ನಂಬಿದ್ದರು. 1887ರಲ್ಲಿ ಮೈಕಲ್ಸನ್ ಮತ್ತು ಮೋರ್ಲಿ ತುಂಬಾ ಸೂಕ್ಷ್ಮವಾಗಿ ಹುಡುಕಿದರು. ಅದರ ಸುಳಿವೇ ಸಿಗಲಿಲ್ಲ.

ಬೆಳಕಿನಲ್ಲಿ ಆಡುವುದು ವಸ್ತುವಲ್ಲ, ವಿದ್ಯುತ್ ಕ್ಷೇತ್ರ ಮತ್ತು ಕಾಂತ ಕ್ಷೇತ್ರ. ಆಯಸ್ಕಾಂತದ ಸುತ್ತ ಏನೂ ಕಾಣದಿದ್ದರೂ ಮೊಳೆಯನ್ನು ಎಳೆಯುವ ಬಲ ಇರುತ್ತದಲ್ಲ, ಅದು ಕ್ಷೇತ್ರ. ಅದು ಖಾಲಿ ಜಾಗದಲ್ಲೂ ಇರಬಲ್ಲದು. ವಿದ್ಯುತ್ ಕ್ಷೇತ್ರ ಬದಲಾದರೆ ಪಕ್ಕದಲ್ಲಿ ಕಾಂತ ಕ್ಷೇತ್ರ ಏಳುತ್ತದೆ, ಅದು ಬದಲಾದರೆ ಮತ್ತೆ ವಿದ್ಯುತ್ ಕ್ಷೇತ್ರ. ನೀರಿನ ತಳ್ಳಾಟದ ಜಾಗದಲ್ಲಿ ಈ ಎರಡು ಒಂದನ್ನೊಂದು ಎಬ್ಬಿಸುತ್ತಾ ಹೋಗುತ್ತವೆ. ಮ್ಯಾಕ್ಸ್‌ವೆಲ್ 1865ರಲ್ಲಿ ಇದರ ಗಣಿತ ಪ್ರಕಟಿಸಿದರು. ಹರ್ಟ್ಜ್ 1887-88ರಲ್ಲಿ ಇಂಥ ಅಲೆಗಳನ್ನು ಪ್ರಯೋಗಾಲಯದಲ್ಲಿ ಎಬ್ಬಿಸಿ ತೋರಿಸಿದರು. ಆವೃತ್ತಿಗೆ ಅವರ ಹೆಸರೇ ಉಳಿದಿದೆ. ಖಾಲಿ ಜಾಗದಲ್ಲಿ ಈ ಅಲೆಯ ವೇಗ ಸೆಕೆಂಡಿಗೆ 29,97,92,458 ಮೀಟರ್. ಸೂರ್ಯನಿಂದ ನಮಗೆ ಬರಲು ಸುಮಾರು 8 ನಿಮಿಷ 20 ಸೆಕೆಂಡು ಬೇಕು.

ಇಲ್ಲೂ ಮಗಳು ಅದೇ ಪ್ರಶ್ನೆ ಕೇಳಬಹುದು: ಕೆಂಪು ಮೊದಲು ಬರುತ್ತದಾ, ನೀಲಿ ಮೊದಲಾ? ಗಾಜಿನೊಳಗೆ ನೀಲಿ ಬೆಳಕು ಕೆಂಪಿಗಿಂತ ನೂರಕ್ಕೆ ಸುಮಾರು ಒಂದು ಪಾಲು ನಿಧಾನ. ಅದಕ್ಕೇ ಪಟ್ಟಕದಲ್ಲಿ ಬಣ್ಣಗಳು ಬೇರೆಬೇರೆಯಾಗುತ್ತವೆ. ಖಾಲಿ ಜಾಗದಲ್ಲೂ ಅಷ್ಟೇ ವ್ಯತ್ಯಾಸ ಇದ್ದಿದ್ದರೆ ಗುರುಗ್ರಹದ ಚಂದ್ರರನ್ನು ನೋಡುವವರಿಗೆ ಗೊತ್ತಾಗುತ್ತಿತ್ತು. ಅಲ್ಲಿಂದ ಬೆಳಕು ಬರಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಗುರುವಿನ ನೆರಳಿನಿಂದ ಹೊರಬರುವ ಚಂದ್ರ ಮೊದಲ ಇಪ್ಪತ್ತು ಮೂವತ್ತು ಸೆಕೆಂಡು ಕೆಂಪಗೆ ಕಂಡು, ಆಮೇಲೆ ಬೆಳ್ಳಗಾಗಬೇಕಿತ್ತು. ದೂರದರ್ಶಕದಲ್ಲಿ ಕಾಣುವುದು ಹಾಗಲ್ಲ. ನೆರಳಿನ ಅಂಚಿನಲ್ಲಿ ಒಂದು ಮಂಕು ಚುಕ್ಕೆ ಮೂಡುತ್ತದೆ, ನಿಧಾನವಾಗಿ ಬೆಳಗುತ್ತದೆ, ಬಣ್ಣ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ.